ಚಾಲು ಅಂದರೆ

ಬಂಗಾರಪೇಟೆಯ ಕದಿರಪ್ಪನ ಗ್ಯಾರೇಜಿನ ಮುಂದೆ ಕಾಂತರಾಜ್ ಬಂದು ನಿಂತಾಗ, ಆದಿಲಕ್ಷ್ಮಿ ಹಳೆಯ ಬೈಕೊಂದರ ಕಾರ್ಬುರೇಟರ್ ಬಿಚ್ಚಿಕೊಂಡು ಕೂತಿದ್ದಳು. ಆ ಹೆಜ್ಜೆಯ ಸದ್ದು ಅವಳಿಗೆ ಗೊತ್ತು. ಆದರೂ ತಲೆ ಎತ್ತಲಿಲ್ಲ.

ಬಿಚ್ಚಿದ ತುಣುಕುಗಳನ್ನು ಒರೆಸುತ್ತಲೇ ಕೇಳಿದಳು.

"ಏನ್ ಬೇಕಾಗಿತ್ತು ಸಾರ್?"

ಆ 'ಸಾರ್' ತಾಗಬೇಕಾದ ಕಡೆಯೇ ತಾಗಿತು. ಹಿಮದ ಬಿಸಿಲಿಗೆ ಅವನ ಮುಖ ಕಪ್ಪಿಟ್ಟು, ತುಟಿ ಒಡೆದಿತ್ತು. ಹೆಗಲ ಚೀಲವನ್ನೂ ಇಳಿಸದೆ ಅವನು ಗೋಡೆಯ ಕಡೆ ನೋಡಿದ. ಅಲ್ಲಿ ಅವನು ಅಣ್ಣ ಎಂದು ಕರೆಯುತ್ತಿದ್ದ ಕದಿರಪ್ಪನ ಫೋಟೋ ಇತ್ತು. ಹಾಕಿದ್ದ ಹಾರ ಬಾಡಿಹೋಗಿತ್ತು.

"ಅಣ್ಣ ತೀರ್ಕೊಂಡ್ರು ಅಂತ ಅಮ್ಮ ಈಗ ಏಳಿದ್ಳು... ನಾನು ಊರಿಗೆ ಬಂದ್ಮೇಲೆ."

"ತೀರ್ಕೊಂಡ್ರೆ ನಿಂಗೇನು? ಸಾಕು ಅಂದೋನು ನೀನೇ ಅಲ್ವಾ?"

ಅವನು ಕಣ್ಣು ಕಣ್ಣು ಬಿಟ್ಟ. ಏನೂ ಅರಿಯದವನ ಹಾಗೆ ನಿಂತಿದ್ದಾನಲ್ಲ ಎಂದು ಅವಳ ಸಿಟ್ಟು ಇನ್ನಷ್ಟು ಏರಿತು.

ಕಾಂತರಾಜ್ ಕೆ.ಜಿ.ಎಫ್.ನ ನಂದಿದುರ್ಗದ ಗಣಿ ಕಾರ್ಮಿಕರ ಲೈನ್ ಮನೆಯವನು, ಮನೆಮಾತು ತಮಿಳು. ಆದಿಲಕ್ಷ್ಮಿಯದು ಬೂದಿಕೋಟೆ, ಮನೆಮಾತು ತೆಲುಗು. ಇಬ್ಬರೂ ಜಗಳವಾಡುತ್ತಿದ್ದದ್ದು ಮಾತ್ರ ಕನ್ನಡದಲ್ಲಿ. ಅವನು ಕೆಲಸ ಕಲಿಯಲೆಂದು ಅವಳಪ್ಪ ಕದಿರಪ್ಪನ ಬಳಿ ಬಂದ ಮೊದಲ ದಿನ, ಅವಳು ಲೋಟಕ್ಕೆ ಟೀ ಸುರಿಯುತ್ತಾ "ಚಾಲಾ?" ಎಂದು ಕೇಳಿದ್ದಳು. ಅವನು ಬೆಪ್ಪನಂತೆ ಅವಳ ಮುಖವನ್ನೇ ನೋಡುತ್ತಾ ಕೂತ. ಟೀ ತುಂಬಿ ಅವನ ಪ್ಯಾಂಟಿನ ಮೇಲೆ ಚೆಲ್ಲಿತು. 'ಸಾಕು' ಅನ್ನುವುದಕ್ಕೆ ತೆಲುಗಿನಲ್ಲಿ 'ಚಾಲು' ಅನ್ನಬೇಕು ಎಂದು ಅವಳು ನಗುತ್ತಲೇ ಹೇಳಿಕೊಟ್ಟಳು.

ಆಮೇಲೆ ದಿನವೂ ಟೀ ಹೊತ್ತಿಗೆ ಅದೇ ಮಾತು, ಅದೇ ನಗು. ಪ್ರೀತಿ ಯಾವಾಗ ಹುಟ್ಟಿತೋ ಇಬ್ಬರಿಗೂ ಗೊತ್ತಾಗಲಿಲ್ಲ. ಬಾಯಿಬಿಟ್ಟು ಹೇಳಿಕೊಳ್ಳುವಷ್ಟು ಧೈರ್ಯ ಇಬ್ಬರಿಗೂ ಇರಲಿಲ್ಲ.

ಚಳಿಗಾಲ ಬಂದಾಗ ಅವನಿಗೆ ಉತ್ತರದ ಬೆಟ್ಟಗಳಲ್ಲಿ ಕೆಲಸ ಸಿಕ್ಕಿತು. ಟೂರಿಸ್ಟರನ್ನು ಕೂರಿಸಿಕೊಂಡು ಹಿಮದ ಮೇಲೆ ಓಡುವ ಸ್ನೋ ಸ್ಕೂಟರುಗಳ ರಿಪೇರಿ. ಎಂಜಿನ್ ಯಾವುದಾದರೇನು, ಟೂ ಸ್ಟ್ರೋಕ್ ತಾನೇ ಎಂದುಕೊಂಡು ಹೊರಟವನು ಒಂದು ದಿನ ಗಾಬರಿಯಲ್ಲಿ ಫೋನ್ ಮಾಡಿದ. ಗಾಡಿ ಕೆಳಗೆ ಚೆನ್ನಾಗಿಯೇ ಓಡುತ್ತೆ, ಅರ್ಧ ಬೆಟ್ಟ ಏರಿದ ಮೇಲೆ ಆಕ್ಸಿಲರೇಟರ್ ಒತ್ತಿದರೆ ಮುಕ್ಕರಿಸಿ ನಿಂತುಬಿಡುತ್ತೆ ಅಂದ. ಪ್ಲಗ್ ಬದಲಾಯಿಸಿದ್ದ, ಫಿಲ್ಟರ್ ತೊಳೆದಿದ್ದ, ಪೆಟ್ರೋಲ್ ಕೂಡ ಬದಲಿಸಿ ನೋಡಿದ್ದ. ಸರಿಮಾಡದಿದ್ದರೆ ಊರಿಗೆ ಹೋಗು ಅಂದಿದ್ದನಂತೆ ಮಾಲೀಕ.

ಆಗ ಕದಿರಪ್ಪ ದಮ್ಮು ಹೆಚ್ಚಾಗಿ ಹಾಸಿಗೆ ಹಿಡಿದಿದ್ದ. ಅವಳು ಸ್ಪೀಕರ್ ಜೋರು ಮಾಡಿ ಫೋನನ್ನು ಅಪ್ಪನ ಬಾಯಿಯ ಹತ್ತಿರ ಹಿಡಿದಳು. ಪ್ಲಗ್ ಬಿಚ್ಚಿದಾಗ ಹೇಗಿತ್ತು ಎಂದು ಅವನು ಕೇಳಿದ. ಕರ್ರಗೆ, ಒದ್ದೆ ಒದ್ದೆ ಎಂದ ಕಾಂತರಾಜ್.

"ಅದ್ಕೂ ನನ್ನಂಗೇ ಆಗೈತೆ ಕಣ್ಲಾ. ಗಾಳಿ ಸಾಲ್ತಾ ಇಲ್ಲ."

ಏದುಸಿರಿನಲ್ಲೇ ನಕ್ಕು, ಕದಿರಪ್ಪ ಬಿಡಿಸಿ ಹೇಳಿದ. ಅಷ್ಟು ಎತ್ತರದಲ್ಲಿ ಗಾಳಿ ತೆಳು. ಪೆಟ್ರೋಲ್ ಮಾತ್ರ ಕೆಳಗಿನಷ್ಟೇ ಸುರಿಯುತ್ತೆ, ಎಂಜಿನ್ನಿಗೆ ನುಂಗಲಾಗುವುದಿಲ್ಲ. ಕಾರ್ಬುರೇಟರಿನ ಜೆಟ್ಟನ್ನು, ಆ ಪೆಟ್ರೋಲ್ ಇಳಿಯುವ ತೂತಿನ ತುಣುಕನ್ನು, ಬದಲಿಸಿ ಚಿಕ್ಕದು ಹಾಕಬೇಕು. ಗಾಡಿ ಬೆಟ್ಟದ ಮೇಲೆ ಹೋದ ತಕ್ಷಣ ತನಗೆ ತಿಳಿಸಬೇಕು ಎಂದೂ ಕೇಳಿಕೊಂಡ.

ಮಾರನೆಯ ದಿನ ಅಪ್ಪ ಮಂಪರಿನಲ್ಲಿದ್ದಾಗ, ಆದಿಲಕ್ಷ್ಮಿ ಇದ್ದ ಧೈರ್ಯವನ್ನೆಲ್ಲ ಒಟ್ಟುಮಾಡಿ ಕಾಂತರಾಜ್‌ಗೆ ಮೆಸೇಜ್ ಹಾಕಿದಳು. 'ನಿನ್ನ ಬಿಟ್ಟು ನನಗೆ ಯಾರೂ ಬೇಡ. ಅಪ್ಪನಿಗೆ ಹೇಳಲಾ?'

ಸ್ವಲ್ಪ ಹೊತ್ತಿಗೆ ಉತ್ತರ ಬಂತು. ಒಂದೇ ಪದ.

'ಚಾಲು.'

ಸಾಕು...? ನಾನೇ ಕಲಿಸಿದ ಮಾತನ್ನು ನನಗೇ ಹೇಳಿದನಾ? ಅವಳು ಎಷ್ಟೋ ಹೊತ್ತು ಆ ಪದವನ್ನೇ ನೋಡುತ್ತಾ ಕೂತಳು. ಆಮೇಲೆ ಅವನ ನಂಬರನ್ನು ಬ್ಲಾಕ್ ಮಾಡಿದಳು.

ಅಪ್ಪ ಮಾತ್ರ ಕಣ್ಣು ಬಿಟ್ಟಾಗಲೆಲ್ಲ, ಗಾಡಿ ಬೆಟ್ಟ ಹತ್ತಿತಾ ಎಂದು ಕೇಳುತ್ತಿದ್ದ. ಗೊತ್ತಿಲ್ಲ ಅನ್ನುತ್ತಿದ್ದಳು. ಕೊನೆಕೊನೆಗೆ ಅವನೇ ಗೊಣಗಿಕೊಂಡ. "ಜೆಟ್ಟು ತಪ್ಪು ಏಳ್ಬಿಟ್ನೇನೋ... ಪಾಪ, ನನ್ನಿಂದ ಉಡುಗನ ಕೆಲ್ಸ ಓಯ್ತು."

ಆ ಕೊರಗಿನಲ್ಲೇ ಅವನು ಹೋಗಿಬಿಟ್ಟ.

ಈಗ ಅವಳು ಎದ್ದು, ಎಣ್ಣೆಗೈಯಲ್ಲೇ ಫೋನ್ ತೆಗೆದು ಆ ಮೆಸೇಜನ್ನು ಅವನ ಮುಖಕ್ಕೆ ಹಿಡಿದಳು. ಕಾಂತರಾಜ್ ಓದಿದ. ಮೇಲಿದ್ದ ಅವಳ ಪ್ರಶ್ನೆಯನ್ನೂ, ಕೆಳಗಿದ್ದ ತನ್ನ ಮಾತನ್ನೂ ಮತ್ತೆ ಓದಿದ.

"ಇದು ನಿಂಗಲ್ಲ ಆದಿ. ಅಣ್ಣಂಗೆ."

"ಅಂದ್ರೆ?"

"ಗಾಡಿ ಚಾಲು ಆಯ್ತು ಅಂತ."

ಬೆಟ್ಟದ ಮೇಲೆ ಸಿಗ್ನಲ್ ಸಿಗುವ ಒಂದು ತಿರುವಿತ್ತಂತೆ. ಗಾಡಿ ಅಲ್ಲಿಗೆ ಮುಟ್ಟಿದ ಖುಷಿಯಲ್ಲಿ ಅವನು ಆ ಒಂದು ಪದ ಒತ್ತಿ, ಅವಳ ಮೆಸೇಜ್ ಬಂದಿದ್ದನ್ನೂ ನೋಡದೆ ಫೋನನ್ನು ಜೇಬಿಗೆ ಹಾಕಿಕೊಂಡಿದ್ದ. ಅಂದೇ ಹಿಮ ಸುರಿದು ಟವರ್ ಹೋಯಿತು, ದಾರಿಯೂ ಮುಚ್ಚಿತು. ಟವರ್ ಬಂದ ಮೇಲೆ ಅವಳ ಪ್ರಶ್ನೆ ನೋಡಿ, ತನ್ನ ಪದ ಅದಕ್ಕೇ ಉತ್ತರವೆಂದು ಕಂಡೀತು ಎಂದು ಹೊಳೆಯದೆ, 'ಹೇಳು, ಈಗಲೇ ಹೇಳು' ಎಂದು ಬರೆದ. ಅದು ಅವಳಿಗೆ ತಲುಪಲೇ ಇಲ್ಲ. ತಾಯಿ ಮಾರಿಯಮ್ಮನನ್ನು ಗ್ಯಾರೇಜಿಗೆ ಕಳಿಸಿದ, ಬಾಗಿಲು ಹಾಕಿತ್ತು.

ಆದಿಲಕ್ಷ್ಮಿ ಕುಸಿದು ಕೂತಳು. ಅವನು ತನ್ನನ್ನು ಬಿಟ್ಟಿರಲಿಲ್ಲ ಎಂಬ ಸಂತೋಷ ಮನಸ್ಸಿನ ಹತ್ತಿರವೂ ಸುಳಿಯಲಿಲ್ಲ. ಉತ್ತರ ಕೈಯಲ್ಲೇ ಇತ್ತು. ಅಪ್ಪ ಕೇಳಿದಾಗಲೆಲ್ಲ ಇತ್ತು.

"ಅಪ್ಪ ತಪ್ಪು ಏಳ್ಲಿಲ್ಲ..." ಎನ್ನುತ್ತಾ ಅವಳು ಬಿಕ್ಕಿದಳು. ಅವನು ಚೀಲ ಇಳಿಸಿ, ಎಣ್ಣೆ ನೆಲದ ಮೇಲೆ ಅವಳ ಪಕ್ಕ ಕೂತು ತಾನೂ ಅತ್ತ.

ಸಂಜೆಯ ಬಸ್ಸಿಗೆ ಇಬ್ಬರೂ ಬೂದಿಕೋಟೆಗೆ ಹೋದರು. ಹೊಲದ ಅಂಚಿನ ಹೊಂಗೆ ಮರದ ಕೆಳಗೆ ಕದಿರಪ್ಪನನ್ನು ಮಣ್ಣು ಮಾಡಿದ್ದರು. ಗುಡ್ಡೆಯ ಕೆಂಪು ಮಣ್ಣು ಇನ್ನೂ ಕೂತಿರಲಿಲ್ಲ. ಕಾಂತರಾಜ್ ಚಪ್ಪಲಿ ಬಿಟ್ಟು, ಗಾಡಿಯಿಂದ ಬಿಚ್ಚಿಟ್ಟುಕೊಂಡಿದ್ದ ಹಿತ್ತಾಳೆಯ ಹಳೆಯ ಜೆಟ್ಟನ್ನು ಜೇಬಿನಿಂದ ತೆಗೆದು ಮಣ್ಣಿನ ಮೇಲಿಟ್ಟ.

"ಮಾವಾ... ನೀವ್ ಏಳಿದ್ದೇ ಸರಿ. ಗಾಡಿ ಚಾಲು ಆಯ್ತು."

ಇಷ್ಟು ವರ್ಷ ಅಣ್ಣ ಎನ್ನುತ್ತಿದ್ದವನ ಬಾಯಲ್ಲಿ ಮಾವ ಎಂಬ ಮಾತು ಬಂದದ್ದು ಅವಳಿಗೆ ಕೇಳಿಸಿತು. ಅವನ ತೋಳು ಹಿಡಿದುಕೊಂಡಳು.

"ಗಟ್ಟಿಯಾಗಿ ಏಳು. ಅಪ್ಪಂಗೆ ಕಿವಿ ಮಂದ."

ಅವನು ಮತ್ತೆ ಹೇಳಿದ. ಗಟ್ಟಿಯಾಗಿಯೇ ಹೇಳಿದ. ಕಣ್ಣೊರೆಸಿಕೊಂಡು ಅವಳ ಕಡೆ ತಿರುಗಿದ.

"ಚಾಲಾ?"

ಅವಳು ಅವನ ಭುಜಕ್ಕೆ ಹಣೆ ಒರಗಿಸಿ, ಇಲ್ಲವೆಂದು ತಲೆಯಾಡಿಸಿದಳು.

"ಚಾಲ್ದು. ದಿನಾ ಬಂದು ಏಳ್ಬೇಕು. ನಾನೂ ಜೊತೆಗೆ ಬತ್ತೀನಿ."