ನೂರಿಪ್ಪತ್ತು ಬಿಳಿ ಕೋಟು

"ಅಜ್ಜಿ, ಈ ಮೊಳೆಯಲ್ಲಿದ್ದ ರಟ್ಟುಗಳೆಲ್ಲಿ?"

"ನನ್ನನ್ನೇನು ಕೇಳ್ತೀಯ ಪೊಲೀಸಮ್ಮ? ನಾನೇನು ತಿಂದ್ನಾ?" ಎಂದರು ಅಜ್ಜಿ, ಡಬ್ಬಿಯಲ್ಲಿದ್ದ ಗುಂಡಿಗಳನ್ನು ಆರಿಸುತ್ತಾ.

ಮನೆಯಲ್ಲಿ ಒಂದು ಸೂಜಿ ಕದಲಿದರೂ ವಿಚಾರಣೆ ನಡೆಸುವ ಮೊಮ್ಮಗಳಿಗೆ ಅಜ್ಜಿಯೇ ಇಟ್ಟ ಹೆಸರದು. ಐದನೇ ಕ್ಲಾಸಿನ ಗೆಳತಿಯರೂ ಬೀದಿಯವರೂ ಈಗ ಹಾಗೇ ಕರೆಯುತ್ತಿದ್ದರು. ಪೊಲೀಸಮ್ಮನಿಗೆ ಬೇಜಾರೇನಿಲ್ಲ. ಒಳಗೊಳಗೇ ಸ್ವಲ್ಪ ಜಂಬ ಕೂಡ.

ಆದರೆ ಇದು ಸೂಜಿಯ ವಿಷಯವಲ್ಲ. ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುವವಳು. ತೋಳು, ಕಾಲರ್, ಬೆನ್ನು ಎಲ್ಲದರ ಅಳತೆಯನ್ನೂ ರಟ್ಟಿನಲ್ಲಿ ಕತ್ತರಿಸಿ ಮೊಳೆಗೆ ನೇತುಹಾಕುತ್ತಿದ್ದಳು. ರಟ್ಟನ್ನು ಬಟ್ಟೆಯ ಮೇಲಿಟ್ಟು, ಅದರ ಅಂಚಿನಿಂದ ಒಂದು ಬೆರಳು ಆಚೆಗೆ ಚಾಕ್‌ನಿಂದ ಗೆರೆ ಎಳೆದು, ಆ ಗೆರೆಯ ಮೇಲೆ ಕತ್ತರಿ ಹಾಕುವುದು ಅವಳ ಪದ್ಧತಿ. ಆ ಒಂದು ಬೆರಳಿನಷ್ಟು ಬಟ್ಟೆ ಹೊಲಿಗೆಯ ಒಳಗೆ ಹೋಗಬೇಕಲ್ಲ. ರಟ್ಟು ಜರುಗದಂತೆ ಮೂಲೆ ಒತ್ತಿ ಹಿಡಿಯುವುದು ಪೊಲೀಸಮ್ಮನ ಕೆಲಸ.

ದೊಡ್ಡಾಸ್ಪತ್ರೆಯ ನರ್ಸ್‌ಗಳಿಗೆ ನೂರಿಪ್ಪತ್ತು ಬಿಳಿ ಕೋಟು ಹೊಲಿಯುವ ಆರ್ಡರ್ ಅಮ್ಮನಿಗೆ ಸಿಕ್ಕಿ ಇನ್ನೂ ಒಂದು ವಾರವಾಗಿರಲಿಲ್ಲ. ಹದಿನೈದು ದಿನದಲ್ಲಿ ಕೊಡಬೇಕು. ಇಷ್ಟು ದೊಡ್ಡ ಕೆಲಸ ಅವಳಿಗೆ ಇದೇ ಮೊದಲು. ಈಗ ನೋಡಿದರೆ ಕೋಟಿನ ರಟ್ಟುಗಳೇ ಮಾಯ.

"ಅಮ್ಮ, ಕೋಟಿನ ರಟ್ಟು ಎಲ್ಲಿ?"

"ಎಲ್ಲೋ ಇಟ್ಟಿದೀನಿ ಕಣೇ. ನೀನು ಹೋಮ್‌ವರ್ಕ್ ಮಾಡ್ಕೋ."

ಅಮ್ಮ ಮುಖ ಕೊಟ್ಟು ಮಾತಾಡಲಿಲ್ಲ. ಸಂಜೆ ಹಿತ್ತಲಲ್ಲಿ ನಿಂತು ಫೋನಿನಲ್ಲಿ ಪಿಸುಪಿಸು ಮಾತಾಡಿದಳು. ಮಗಳು ಬಂದದ್ದು ಕಂಡಕೂಡಲೇ ಫೋನ್ ಕಟ್ ಮಾಡಿದಳು. ಏನೋ ಇದೆ ಎಂದುಕೊಂಡಳು ಪೊಲೀಸಮ್ಮ.

ಮರುದಿನ ಶಾಲೆಗೆ ಹೋಗುವಾಗ ಅದು ಗೊತ್ತಾಯಿತು. ಬೀದಿಯ ತಿರುವಿನಲ್ಲಿ ಟೈಲರ್ ಆಂಟಿಯ ಅಂಗಡಿ. ಮೂರು ಮೆಷಿನ್, ಗಾಜಿನ ಬಾಗಿಲು. ಒಳಗೆ ಉದ್ದನೆಯ ಮೇಜಿನ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ತೋಳಿನ ರಟ್ಟು. ಅದರ ಮೂಲೆಯಲ್ಲಿ ನೀಲಿ ಇಂಕಿನ ಕಲೆ. ಆ ಕಲೆ ಮಾಡಿದ್ದೇ ಪೊಲೀಸಮ್ಮ, ಮೊನ್ನೆ ಹೋಮ್‌ವರ್ಕ್ ಮಾಡುವಾಗ.

ಅವಳು ಅಲ್ಲೇ ನಿಂತುಬಿಟ್ಟಳು. ಏಳು ವರ್ಷದ ಹಿಂದೆ ಅಮ್ಮ ಈ ಅಂಗಡಿಯಲ್ಲೇ ಕೆಲಸಕ್ಕಿದ್ದಳು. ಬಿಟ್ಟು ಸ್ವಂತ ಮೆಷಿನ್ ಕೊಂಡ ದಿನದಿಂದ ಇಬ್ಬರದೂ ಎಣ್ಣೆ ಸೀಗೆಕಾಯಿ. ಮಾತಿಲ್ಲ ಕತೆಯಿಲ್ಲ. "ಆ ಬಾಗಿಲು ತುಳಿದ್ರೆ ನನ್ನ ಜೊತೆ ಮಾತಾಡಬೇಡ" ಎಂದು ಅಜ್ಜಿ ಅಮ್ಮನಿಗೆ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು.

ಆಂಟಿ ರಟ್ಟು ಕದ್ದಿದ್ದಾರೆ. ಅಮ್ಮನ ಕೋಟುಗಳನ್ನು ತಾವೇ ಹೊಲಿದು ಆಸ್ಪತ್ರೆಗೆ ಕೊಟ್ಟುಬಿಡುತ್ತಾರೆ. ಪಾಪ ಅಮ್ಮ, ಗೊತ್ತಿದ್ದೂ ಹೆದರಿ ಸುಮ್ಮನಿದ್ದಾಳೆ.

ಅಷ್ಟರಲ್ಲಿ ಆಂಟಿ ಚಾಕ್ ಎತ್ತಿಕೊಂಡರು. ರಟ್ಟಿನ ಅಂಚಿಗೆ ಸರಿಯಾಗಿ ಗೆರೆ ಎಳೆದರು. ಒಂದು ಬೆರಳು ಬಿಡಲಿಲ್ಲ, ಅರ್ಧ ಬೆರಳೂ ಬಿಡಲಿಲ್ಲ. ಕತ್ತರಿ ಕರಕರ ಎಂದಿತು.

ಹೊಲಿದ ಮೇಲೆ ಆ ತೋಳು ಅಳತೆಗಿಂತ ಬಿಗಿಯಾಗುತ್ತದೆ ಎಂದು ಪೊಲೀಸಮ್ಮನಿಗೆ ಗೊತ್ತಿತ್ತು. "ಮಾಡಿದ್ದುಣ್ಣೋ ಮಹಾರಾಯ" ಎಂದುಕೊಂಡು, ಬಾಯಿಗೆ ಬೀಗ ಹಾಕಿ, ಕುಣಿಯುತ್ತಾ ಶಾಲೆಗೆ ಹೋದಳು. ಮನೆಯಲ್ಲೂ ಯಾರಿಗೂ ಹೇಳಲಿಲ್ಲ.

ಮಾರನೆಯ ದಿನ ಶಾಲೆ ಬಿಟ್ಟು ಬರುವಾಗ ಆಂಟಿಯ ಅಂಗಡಿಯಿಂದ ಜೋರು ದನಿ ಕೇಳಿಸಿತು. ಗಾಜಿನಾಚೆ ಅಮ್ಮ ನಿಂತಿದ್ದಳು. ಪೊಲೀಸಮ್ಮ ಬಾಗಿಲ ಪಕ್ಕಕ್ಕೆ ಸರಿದು ಕಿವಿ ಕೊಟ್ಟಳು.

"ಮೂವತ್ತು ಜೊತೆ ತೋಳು ಕತ್ತರಿಸಿ ಇಟ್ಟಿದೀನಿ. ಒಂದು ಹೊಲಿದು ನೋಡಿದ್ರೆ ದೊಡ್ಡ ಸೈಜು ನನ್ನ ಕೈಗೇ ಬಿಗಿ" ಎಂದರು ಆಂಟಿ. "ಬೇಕು ಅಂತಲೇ ತಪ್ಪು ರಟ್ಟು ಕೊಟ್ಟೆಯಾ? ಹಳೇ ಸಿಟ್ಟು ತೀರಿಸ್ಕೊಳ್ಳೋಕೆ?"

"ನಿಮ್ಮನ್ನ ಕೆಡಿಸಿ ನನಗೇನು ಸಿಗುತ್ತೆ ಅಕ್ಕ?" ಎಂದಳು ಅಮ್ಮ. "ಒಂದೇ ಮೆಷಿನ್ ಇಟ್ಕೊಂಡು ನೂರಿಪ್ಪತ್ತು ಕೋಟು ಹೇಗಮ್ಮ ಹೊಲೀತೀಯ ಅಂತ ಆಸ್ಪತ್ರೆಯ ಆಫೀಸರ್ ನಕ್ಕಾಗ, ಮೂರು ಮೆಷಿನ್ ಅಂಗಡಿ ನನ್ನ ಜೊತೆಗಿದೆ ಅಂತ ನಿಮ್ಮನ್ನ ನಂಬಿ ಹೇಳಿ ಬಂದೆ. ಅತ್ತೆಗೆ ಹೇಳದೆ, ಮಗಳಿಗೆ ಹೇಳದೆ ನಿಮ್ಮ ಬಾಗಿಲಿಗೆ ಬಂದೆ."

"ಹಾಗಿದ್ರೆ ಈ ತೋಳು?"

"ನನಗೂ ಅರ್ಥ ಆಗ್ತಿಲ್ಲ ಅಕ್ಕ."

"ಸಾಕು. ನಿನ್ನ ರಟ್ಟು ತಗೊಂಡು ಹೋಗು."

ಪೊಲೀಸಮ್ಮನಿಗೆ ಈಗ ಅರ್ಥವಾಯಿತು. ಕದ್ದದ್ದಲ್ಲ, ಅಮ್ಮನೇ ಕೊಟ್ಟದ್ದು. ಅಮ್ಮ ರಟ್ಟುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕುತ್ತಿದ್ದಳು. ಈಗ ಓಡಿಹೋದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಆದರೆ ಕೋಟುಗಳ ಕತೆ ಅಲ್ಲಿಗೇ ಮುಗಿಯುತ್ತದೆ.

ಅವಳು ಬಾಗಿಲು ತಳ್ಳಿದಳು.

"ಆಂಟಿ, ಒಂದು ಬೆರಳು ಬಿಟ್ಟು ಗೆರೆ ಎಳೀಬೇಕಿತ್ತು. ಅಮ್ಮನ ರಟ್ಟಿನಲ್ಲಿ ಹೊಲಿಗೆಗೆ ಜಾಗ ಇರಲ್ಲ."

ಇಬ್ಬರೂ ತಿರುಗಿ ನೋಡಿದರು. ಅಮ್ಮನ ಕೈ ಹಣೆಗೆ ಹೋಯಿತು. "ಅಯ್ಯೋ, ಹೌದಲ್ಲ ಅಕ್ಕ. ಏಳು ವರ್ಷದಿಂದ ಒಬ್ಳೇ ಕತ್ತರಿಸ್ತಿದೀನಿ. ಅದನ್ನ ಬಾಯಿಬಿಟ್ಟು ಹೇಳೋಕೆ ಯಾರೂ ಇರ್ಲಿಲ್ಲ. ಮರೆತೇ ಹೋಯ್ತು."

"ನನ್ನ ರಟ್ಟಿನಲ್ಲಿ ಆ ಜಾಗ ಸೇರಿಸಿಯೇ ಇರುತ್ತೆ" ಎಂದರು ಆಂಟಿ ನಿಧಾನವಾಗಿ. ಆಮೇಲೆ ಪೊಲೀಸಮ್ಮನ ಕಡೆ ತಿರುಗಿದರು. "ನಾನು ಅಂಚಿಗೇ ಕತ್ತರಿಸಿದ್ದು ನಿನಗೆ ಹೇಗೆ ಗೊತ್ತು?"

"ನಿನ್ನೆ ಬೆಳಿಗ್ಗೆ ನೋಡ್ದೆ."

"ನಿನ್ನೆ ಬೆಳಿಗ್ಗೆ ನಾನು ಕತ್ತರಿಸಿದ್ದು ಒಂದೇ ಜೊತೆ. ಆಗಲೇ ಯಾಕೆ ಹೇಳ್ಲಿಲ್ಲ?"

"ನೀವು ಕದ್ದಿದೀರಿ ಅಂದ್ಕೊಂಡೆ" ಎಂದಳು ಪೊಲೀಸಮ್ಮ. ಕಣ್ಣಲ್ಲಿ ನೀರು ತುಂಬಿತ್ತು. "ನಿಮ್ಮ ಬಟ್ಟೆ ಹಾಳಾಗ್ಲಿ ಅಂತ ಸುಮ್ನಿದ್ದೆ."

ಅಮ್ಮನ ಮುಖ ಕೆಂಪಾಯಿತು. ಆಂಟಿ ಕುರ್ಚಿ ಎಳೆದುಕೊಂಡು ಕೂತರು.

"ಇವಳನ್ನೇನು ಬೈಯ್ಯೋದು" ಎಂದರು ಕೊನೆಗೆ. "ನಾನೂ ಈಗ ತಾನೇ ನಿನ್ನನ್ನ ಹಾಗೇ ಅಂದ್ಕೊಂಡೆ."

ಅಮ್ಮ ಚೀಲ ಕೆಳಗಿಟ್ಟಳು. ಒಂದು ತೋಳನ್ನು ಎತ್ತಿ ಬೆಳಕಿಗೆ ಹಿಡಿದಳು. "ಅಕ್ಕ, ಇವು ದೊಡ್ಡ ಸೈಜಿನವು ತಾನೇ? ಸಣ್ಣ ಸೈಜಿಗೆ ಕತ್ತರಿಸಿಕೊಂಡ್ರೆ?"

"ಸಣ್ಣ ಸೈಜು ಎಷ್ಟು ಬೇಕು?"

"ಇಪ್ಪತ್ತೆಂಟು."

"ಬಚಾವಾದ್ವಿ. ಕತ್ತರಿ ಕೊಡು. ಏಯ್ ಪೊಲೀಸಮ್ಮ, ಮೂಲೆ ಹಿಡ್ಕೋ ಬಾ."

ಮನೆ ಕಡೆ ಹೊರಟಾಗ ಬೀದಿಯ ದೀಪಗಳು ಹತ್ತುತ್ತಿದ್ದವು. ಅಮ್ಮ ಬಿರಬಿರನೆ ನಡೆಯುತ್ತಿದ್ದವಳು ಗೇಟಿನ ಹತ್ತಿರ ಬಂದಾಗ ನಿಂತುಬಿಟ್ಟಳು.

"ಇವತ್ತು ಅಜ್ಜಿಗೆ ಹೇಳ್ತೀನಿ" ಎಂದಳು. "ಒಂದು ನಿಮಿಷ ತಾಳು."

ಪೊಲೀಸಮ್ಮ ಅಮ್ಮನ ಕೈ ಹಿಡಿದಳು. ಬೆವರಿ ತಣ್ಣಗಾಗಿತ್ತು. ಇಷ್ಟು ದಿನ ಅಮ್ಮ ಮುಖ ತಪ್ಪಿಸುತ್ತಿದ್ದದ್ದು ಭಯಕ್ಕೆ ಎಂದು ಅವಳಿಗೆ ಆಗ ಹೊಳೆಯಿತು. ಇಷ್ಟು ಭಯ ಇಟ್ಟುಕೊಂಡೇ ಅಮ್ಮ ಒಬ್ಬಳೇ ಆಸ್ಪತ್ರೆಗೆ ಹೋಗಿದ್ದಳು, ಒಬ್ಬಳೇ ಆಂಟಿಯ ಬಾಗಿಲಿಗೂ ಹೋಗಿದ್ದಳು.

"ಇಷ್ಟು ಹೊತ್ತು ಎಲ್ಲಿಗೆ ಹೋಗಿದ್ರಿ ಇಬ್ರೂ?" ಒಳಗಿನಿಂದ ಅಜ್ಜಿಯ ದನಿ ಬಂತು.

ಪೊಲೀಸಮ್ಮ ಅಮ್ಮನ ಕಡೆ ನೋಡಿದಳು. ಅದು ಅಮ್ಮ ಹೇಳಬೇಕಾದ ಮಾತು. ಅಮ್ಮನ ಬಾಯಿಗೆ ಮಾತು ಬರುವವರೆಗೆ ಅವಳು ಆ ಕೈಯನ್ನು ಬಿಡದೆ ಪಕ್ಕದಲ್ಲೇ ನಿಂತಿದ್ದಳು.