ಪಾದುವಾದಿಂದ ಪಾದುವಾಕ್ಕೆ

“ಇದೆಂತ ಮಾರಾಯ್ರೆ? ಪಾದುವಾಕ್ಕೆ ಟಿಕೆಟ್ ಕೇಳಿದ್ರೆ ಮಂಗಳೂರಿಗೆ ಕೊಟ್ಟಿದ್ದೀರಿ!”

1996ರ ಮೇ ತಿಂಗಳ ಮೊದಲ ವಾರ. ದೋಹಾದ ಓಲ್ಡ್ ಏರ್‌ಪೋರ್ಟ್ ರಸ್ತೆಯ ಟ್ರಾವೆಲ್ ಆಫೀಸಿನಲ್ಲಿ ವೆರೋನಿಕಾ ತಲೆಯೆತ್ತಿದಳು. ಫೋನಿನಲ್ಲಿ ಊರಿನ ಕೊಂಕಣಿ ಕೇಳಿದ್ದೇ ತಡ, ಮಂಗಳೂರಿನ ನಂತೂರಿನಲ್ಲಿರುವ ಪಾದುವಾ ಎಂದೇ ಅವಳು ತಿಳಿದಿದ್ದಳು. ಅವಳ ಮನೆಯೂ ಅಲ್ಲೇ.

“ನನಗೆ ಇಟಲಿಯ ಪಾದುವಾ. ಪಂಪ್ ಕಂಪನಿಯವರು ಒಂದು ತಿಂಗಳ ಟ್ರೇನಿಂಗಿಗೆ ಕಳಿಸ್ತಾ ಇದ್ದಾರೆ.”

ಜಗಳಕ್ಕೆಂದೇ ಬಂದಿದ್ದ ಸಿರಿಲ್, ಕೆಂಪೇರಿದ ಅವಳ ಕಿವಿ ನೋಡಿ ನಕ್ಕುಬಿಟ್ಟ. ನಕ್ಕಾಗ ಎಡಗೆನ್ನೆಯಲ್ಲಿ ಗುಳಿ ಬಿತ್ತು. ಅಲ್ಲೇ ಎಡವಟ್ಟಾಯಿತು.

ಹೊಸ ಟಿಕೆಟ್ ಮರುದಿನವೇ ತಯಾರಾಯಿತು. ಆದರೆ ವೆರೋನಿಕಾ, “ಇನ್ನೂ ಕನ್‌ಫರ್ಮ್ ಆಗ್ಲಿಲ್ಲ, ನಾಳೆ ಬನ್ನಿ,” ಎಂದಳು. ಸಂತ ಅಂತೋನಿ ಕ್ಷಮಿಸಲಿ, ನಾಲ್ಕು ದಿನವೂ ಹಾಗೇ ಹೇಳಿದಳು. ಅವನೂ ಒಂದು ದಿನ ತಪ್ಪಿಸಲಿಲ್ಲ.

ಮೇಜಿನ ಮೇಲೆ ಪಾದುವಾದ ಬ್ರೋಷರ್. ಸಂತ ಅಂತೋನಿಯ ಬಸಿಲಿಕಾದ ಗುಮ್ಮಟಗಳು ಅವನ ಎಣಿಕೆಗೆ ಏಳು, ಅವಳ ಎಣಿಕೆಗೆ ಎಂಟು. ನೀಲಿ ಚಾವಣಿಯ ತುಂಬ ಚಿನ್ನದ ನಕ್ಷತ್ರ ಬರೆದ ಪುಟ್ಟ ಚಾಪೆಲ್. ಕಾಲುವೆಯ ದಡದುದ್ದಕ್ಕೂ ಕಲ್ಲಿನ ಮೂರ್ತಿಗಳು ನಿಂತ ದೊಡ್ಡ ಬಯಲು.

“ಇಷ್ಟು ದೊಡ್ಡ ಅರಮನೆ, ಅದರ ಅಡಿಯಲ್ಲಿ ಟೊಮೆಟೊ ಮಾರ್ತಾರಂತೆ!” ಸಿರಿಲ್ ಇನ್ನೊಂದು ಚಿತ್ರ ತೋರಿಸಿದ.

“ನಮ್ಮ ಸೆಂಟ್ರಲ್ ಮಾರ್ಕೆಟಿನ ಮೇಲೆ ಅರಮನೆ ಕಟ್ಲಿಲ್ಲ, ಅಷ್ಟೇ.”

ಪುಟ ತಿರುವಲು ಹೋದ ಬೆರಳುಗಳು ತಾಗಿದವು. ಪುಟ ತಿರುವಲು ಇಬ್ಬರಿಗೂ ಅವಸರವಿರಲಿಲ್ಲ.

ಐದನೇ ದಿನ ಊರಿನಿಂದ ಅಮ್ಮನ ಕಾಗದ ಬಂತು. ಬ್ಯಾಂಕಿನಲ್ಲಿರುವ ಕಜೆತಾನನ ಸಂಬಂಧ ಬಂದಿದೆ, ಜೂನ್ ಹದಿಮೂರರ ಸಂತ ಅಂತೋನಿ ಹಬ್ಬದೊಳಗೆ ಹೂಂ ಅನ್ನಬೇಕು. ಸಿರಿಲ್ ಬಂದಾಗ ವೆರೋನಿಕಾ ಟಿಕೆಟ್ ತೆಗೆದು ಮುಂದಿಟ್ಟಳು.

“ಖಲಾಸ್. ನಾಳೆ ಫ್ಲೈಟ್. ಅಲ್ಲಿ ಸಂತರ ಸಮಾಧಿಗೆ ಕೈಯಿಟ್ಟು ನನಗೊಂದು ಪ್ರಾರ್ಥನೆ ಮಾಡಿ.”

“ಕಳೆದದ್ದನ್ನು ಹುಡುಕಿ ಕೊಡುವ ಸಂತ ಅಲ್ವಾ? ನಿಮ್ಮದು ಎಂತ ಕಳೆದಿದೆ?”

“ಇನ್ನೂ ಕಳೀಲಿಲ್ಲ. ಹಬ್ಬದೊಳಗೆ ಕಳೀತದೆ,” ಎಂದು ಕಾಗದವನ್ನು ಅವನತ್ತ ಸರಿಸಿದಳು.

ಸಿರಿಲ್ ಓದಿದ. ಕೆನ್ನೆಯ ಗುಳಿ ಮಾಯವಾಯಿತು. ಟಿಕೆಟನ್ನು ಅವಳ ಮುಂದಕ್ಕೇ ತಳ್ಳಿದ.

“ಇದು ತಪ್ಪು. ವಾಪಸ್ ದೋಹಾಕ್ಕೆ ಬೇಡ, ಜೂನ್ ಹತ್ತಕ್ಕೆ ಮಂಗಳೂರಿಗೆ ಮಾಡಿ.”

“ಮಂಗಳೂರಲ್ಲಿ ಎಂತ ಕೆಲಸ?”

“ನಂತೂರಿನ ಪಾದುವಾದಲ್ಲಿ ನಿಮ್ಮ ಅಪ್ಪನ ಹತ್ರ ಒಂದು ಮಾತು ಕೇಳ್ಲಿಕ್ಕುಂಟು. ನಿಮಗೆ ಒಪ್ಪಿಗೆ ಇದ್ರೆ ಮಾತ್ರ.”

ವೆರೋನಿಕಾಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಅವನ ಟಿಕೆಟ್ ತಿದ್ದಿದಳು. ಆಮೇಲೆ ಅದೇ ತಾರೀಕಿಗೆ ದೋಹಾದಿಂದ ಮಂಗಳೂರಿಗೆ ಇನ್ನೊಂದನ್ನು ಬರೆಯತೊಡಗಿದಳು.

“ಇದು ಯಾರಿಗೆ?”

“ನನಗೆ. ನೀವು ಒಬ್ಬರೇ ಹೋದ್ರೆ ಆಗ್ಲಿಕ್ಕಿಲ್ಲ. ಪಾದುವಾ ಅಂದ್ರೆ ಜನ ಎಲ್ಲಿಗೆಲ್ಲ ಕಳಿಸ್ತಾರೆ.”