ಒಲಿಂಡಾಳ ಮೀಟರಿನಲ್ಲಿ ನಲವತ್ತೆಂಟು ಯೂನಿಟ್

ಗುರುವಾರ ಬೆಳಿಗ್ಗೆ ಶಂಕರಪುರದ ಮನೆಯೊಂದರಲ್ಲಿ ಒಲಿಂಡಾಳ ಹೆಣ ಸಿಕ್ಕಿತು. ನಿವೃತ್ತ ನರ್ಸ್, ಮದುವೆಯಾಗಿರಲಿಲ್ಲ, ಒಬ್ಬಳೇ ಇದ್ದವಳು. ತಲೆಗೆ ಪೆಟ್ಟು ಬಿದ್ದಿತ್ತು. ಕಪಾಟಿನ ಬಂಗಾರ ಮಾಯ. ಮೊದಲು ನೋಡಿದವನು ಕಾರ್ಕಳದ ತಮ್ಮ ಕಾರ್ಲ್. ತನ್ನಲ್ಲಿದ್ದ ಕೀಲಿಯಿಂದ ಬಾಗಿಲು ತೆರೆದಿದ್ದ.

"ನಿನ್ನೆ ರಾತ್ರಿ ಸತ್ತಿರಬೇಕು," ಎಂದರು ಡಾಕ್ಟರು.

ಬುಧವಾರ ಹಗಲು ರಾತ್ರಿ ಕಾರ್ಲ್ ಕಾರ್ಕಳದ ಮದುವೆಮನೆಯಲ್ಲಿದ್ದ. ನೂರು ಜನ ಸಾಕ್ಷಿ. ಆ ಸಂಜೆ ಒಲಿಂಡಾಳ ಅಂಗಳದಲ್ಲಿ ನೆರೆಯವರ ಕಣ್ಣಿಗೆ ಬಿದ್ದವನು ತೆಂಗಿನಕಾಯಿ ಕೀಳುವ ಶೀನ. ಪೊಲೀಸರು ಅವನನ್ನು ಠಾಣೆಗೆ ತಂದರು.

"ಬಾಗಿಲು ಬಡಿದೆ ಮೇಡಂ. ಎಸಿ ಶಬ್ದ ಇತ್ತು. ಮಲಗಿದ್ದಾರೆ ಅಂತ ವಾಪಸ್ ಹೋದೆ," ಎಂದ ಶೀನ.

\*

ಎಸ್‌ಐ ಭವ್ಯಶ್ರೀ ಒಲಿಂಡಾಳ ಅಡುಗೆಮನೆಯಲ್ಲಿ ನಿಂತಳು. ಒಂದು ಬಟ್ಟಲು, ಒಂದು ಲೋಟ. ಮಣಿಪಾಲದ ತನ್ನ ಕೋಣೆಯಲ್ಲೂ ಅಷ್ಟೇ.

ಫ್ರಿಜ್ಜಿನ ಮೇಲೆ ಸೋಮವಾರದ ಕರೆಂಟು ಬಿಲ್ಲಿತ್ತು. ತಿಂಗಳಿಗೆ ಮೂವತ್ತು ಯೂನಿಟ್. ಸಣ್ಣ ಫ್ರಿಜ್, ಒಂದು ಫ್ಯಾನ್, ಎರಡು ಬಲ್ಬ್. ದಿನಕ್ಕೊಂದೇ ಯೂನಿಟ್. ಅವಳು ಹೊರಗೆ ಹೋಗಿ ಮೀಟರ್ ನೋಡಿದಳು. ಬಿಲ್ಲಿನಲ್ಲಿದ್ದ ರೀಡಿಂಗಿಗಿಂತ ಮೂರು ದಿನದಲ್ಲಿ ನಲವತ್ತೆಂಟು ಏರಿತ್ತು.

"ನಿಮ್ಮ ಅಕ್ಕ ಎಸಿ ಹಾಕುತ್ತಿದ್ದರಾ?"

"ಇಲ್ಲ ಮೇಡಂ. ಬಿಲ್ಲಿಗೆ ಹೆದರುತ್ತಿದ್ದಳು," ಎಂದ ಕಾರ್ಲ್.

"ಬೆಳಿಗ್ಗೆ ನೀವು ಬಂದಾಗ?"

"ಆಫ್ ಇತ್ತು."

\*

ಸಂಜೆ ಅವಳು ಕಾರ್ಲ್‌ನನ್ನು ಎದುರಿಗೆ ಕೂರಿಸಿದಳು.

"ಸಾವಿರದ ಐನೂರು ವಾಟಿನ ಎಸಿ. ಕಂಪ್ರೆಸರ್ ಅರ್ಧ ಹೊತ್ತು ಓಡಿದರೂ ದಿನಕ್ಕೆ ಹದಿನೆಂಟು ಯೂನಿಟ್. ಮನೆಖರ್ಚಿನ ಮೂರು ಕಳೆದರೆ ನಲವತ್ತೈದು ಉಳಿಯಿತು. ಅಂದರೆ ಎರಡೂವರೆ ದಿನ ಬಿಡದೆ ಓಡಿದೆ. ತಂಪಿನಲ್ಲಿಟ್ಟ ಹೆಣ ಬೇಗ ಕೆಡುವುದಿಲ್ಲ. ಸೋಮವಾರ ಸತ್ತವಳು ಬುಧವಾರ ಸತ್ತಂತೆ ಕಂಡಳು. ನಿನ್ನೆ ಸಂಜೆಯೂ ಓಡುತ್ತಿದ್ದ ಎಸಿಯನ್ನು ಬೀಗ ಹಾಕಿದ ಮನೆಯೊಳಗೆ ಆರಿಸಿದ್ದು ಯಾರು? ಕೀಲಿ ಇದ್ದವನು. ಸೋಮವಾರ ಸಂಜೆ ನಿಮ್ಮ ಫೋನು ಶಂಕರಪುರದಲ್ಲೇ ಇತ್ತು."

ಕಾರ್ಲ್ ಅಕ್ಕನ ಮನೆಯ ಕೀಲಿ ತೆಗೆದು ಮೇಜಿನ ಮೇಲಿಟ್ಟ. "ಮನೆ ಮಾರಲು ಒಪ್ಪಲಿಲ್ಲ. ದೂಡಿದೆ. ಕಳ್ಳತನ ಅಂತ ಕಾಣಲಿ ಎಂದು ಬಂಗಾರ ತೆಗೆದೆ."

"ಮೂರು ದಿನದಲ್ಲಿ ಯಾರಾದರೂ ಬಂದಿದ್ದರೆ?"

"ಅವಳಲ್ಲಿಗೆ ಯಾರು ಬರುತ್ತಾರೆ ಮೇಡಂ."

ಭವ್ಯಶ್ರೀ ಒಲಿಂಡಾಳ ಫೋನು ತೆರೆದಳು. ಸೋಮವಾರದಿಂದ ಒಂದು ಕರೆಯೂ ಬಂದಿರಲಿಲ್ಲ.

\*

ಶನಿವಾರ ಇಗರ್ಜಿಯಲ್ಲಿ ಪೆಟ್ಟಿಗೆ ಹೊರಲು ಮೂವರೇ ಇದ್ದರು. ಪಾದ್ರಿಗಳು ಸುತ್ತ ನೋಡಿದರು. ಗೇಟಿನ ಬಳಿ ನಿಂತಿದ್ದ ಶೀನ ಚಪ್ಪಲಿ ಬಿಟ್ಟು ಬಂದು ಹೆಗಲು ಕೊಟ್ಟ.